ಯುರೋಪಿಗೆ ಮುಂಚೆ ಯಲಬುರ್ಗಾ

ಶಾಲೆಗೆ ಬೇಸಿಗೆ ರಜೆ ಬಿಟ್ಟ ಮೂರನೆಯ ದಿನ, ಬೆಳಗಿನ ಐದೂವರೆಗೆ ನಾವು ಗಂಗಾವತಿ ಬಿಟ್ಟೆವು. ಹೋಗಬೇಕಾಗಿದ್ದುದು ಯುರೋಪಿಗೆ. ಹೊರಟದ್ದು ಕನಕಗಿರಿ ರಸ್ತೆ ಹಿಡಿದು. ಬುಲೆಟ್ಟಿನ ಮೇಲೆ ಮುಂದೆ ನಮ್ಮ ಮನೆಯವರು, ಹಿಂದೆ ನಾನು, ನನ್ನ ಬೆನ್ನಿಗೆ ಆನಿಸಿ ಕಟ್ಟಿದ ನಲವತ್ತೆಂಟು ಕಿಲೋ ಸಾಮಾನು. ಹಿಂದಿನ ದಿನ ಅಕ್ಕಿ ಗಿರಣಿಯ ತೂಕದ ಮೇಲೆ ಇಟ್ಟು ನೋಡಿದ್ದರಿಂದ ಲೆಕ್ಕ ಖಚಿತವಾಗಿ ಹೇಳಬಲ್ಲೆ. ತಾಡಪತ್ರಿ ಹೊಲಿಸಿ ಮಾಡಿದ ಡೇರೆ, ಸೀಮೆಎಣ್ಣೆ ಸ್ಟೋವು, ಎರಡು ಕಂಬಳಿ, ನಾಲ್ಕು ಉಣ್ಣೆಯ ಸ್ವೆಟರು, ರಿಪೇರಿ ಸಾಮಾನಿನ ಪೆಟ್ಟಿಗೆ, ಅತ್ತೆ ಕಟ್ಟಿಕೊಟ್ಟ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಏಪ್ರಿಲ್ ತಿಂಗಳಿನ ರಾಯಚೂರು ಜಿಲ್ಲೆಯಲ್ಲಿ ಉಣ್ಣೆಯ ಸ್ವೆಟರು ಯಾರಿಗೆ ಬೇಕು ಎಂದು ನೀವು ಕೇಳಬಹುದು. ಬಸ್ ನಿಲ್ದಾಣದ ಚಹದಂಗಡಿಯ ಮುಂದೆ ನಿಂತವರೂ ಅದನ್ನೇ ಕೇಳಿದರು.

"ಎಲ್ಲಿಗ್ರಿ ಮಿಸ್ತ್ರಿ, ಮನೀನ ಹೇರ್ಕೊಂಡು ಹೊಂಟೀರಲ್ಲ?"

"ಹುಲಿಹೈದರ, ಕುಷ್ಟಗಿ, ಯಲಬುರ್ಗಾ, ಕೊಪ್ಪಳ. ನಾಕು ದಿನಕ್ಕ ವಾಪಸ್ ಬರ್ತೀವಿ" ಎಂದರು ಇವರು.

"ಅಷ್ಟಕ್ಕ ಕಂಬಳಿ ಯಾಕ್ರಿ?"

"ರೂಢಿ ಆಗ್ಲಿ ಅಂತ."

ಕಂಬಳಿಗೂ ಕುಷ್ಟಗಿಗೂ ಯುರೋಪಿಗೂ ಇರುವ ಸಂಬಂಧ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಮನೆಯವರ ಹೆಸರು ಬಸವರಾಜ. ಡೀಸೆಲ್ ಎಂಜಿನ್ನು, ಗಿರಣಿ ಯಂತ್ರ ರಿಪೇರಿ ಮಾಡುತ್ತಾರಾದ್ದರಿಂದ ಊರಿಗೆಲ್ಲ ಮಿಸ್ತ್ರಿ. ನಾನು ಗಿರಿಜಾ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಅದರ ಹಿಂದಿನ ಚಳಿಗಾಲದಲ್ಲಿ ಜರ್ಮನಿಯ ಗಂಡ ಹೆಂಡತಿ ಇಬ್ಬರು ಒಂದೇ ಮೋಟಾರ್ ಸೈಕಲ್ಲಿನ ಮೇಲೆ ದೇಶ ದೇಶ ದಾಟಿಕೊಂಡು ಹಂಪಿಯವರೆಗೆ ಬಂದಿದ್ದರು. ಅವನು ಯೂರ್ಗನ್, ಅವಳು ಉರ್ಸುಲಾ. ಆನೆಗೊಂದಿಗೆ ದಾಟುವಾಗ ದಡ ಹತ್ತು ಮಾರು ಇದೆ ಎನ್ನುವಲ್ಲಿ ಹರಿಗೋಲು ವಾಲಿ, ಗಾಡಿ ತುಂಗಭದ್ರೆಯ ಪಾಲಾಯಿತು. ಮೀನುಗಾರರು ಹಗ್ಗ ಹಾಕಿ ಎಳೆದರು. ಎತ್ತಿನ ಬಂಡಿಯಲ್ಲಿ ಅದು ನಮ್ಮ ಅಂಗಡಿಗೆ ಬಂತು.

ಆ ನಮೂನೆಯ ಎಂಜಿನ್ನನ್ನು ಇವರು ಅದುವರೆಗೆ ಕಣ್ಣಿಂದಲೂ ಕಂಡಿರಲಿಲ್ಲ. ಪೂರ್ತಿ ಬಿಚ್ಚಿ, ಒಂದೊಂದೇ ಭಾಗವನ್ನು ಗೋಣಿತಾಟಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟು, ಮರಳು ತೊಳೆದು, ಒಣಗಿಸಿ ಮತ್ತೆ ಕೂಡಿಸಲು ಎಂಟು ದಿನ ಹಿಡಿಯಿತು. ಆ ಎಂಟು ದಿನ ಅವರಿಬ್ಬರೂ ನಮ್ಮ ಮನೆಯಲ್ಲೇ ಉಳಿದರು. ನಮ್ಮ ಅತ್ತೆ ಉರ್ಸುಲಾಳನ್ನು ಉರುಸಮ್ಮ ಎಂದು ಕರೆದು ರೊಟ್ಟಿ ಬಡಿಯಲು ಕೂರಿಸಿದ್ದರು. ಎಂಜಿನ್ನು ಹಿಡಿದು ಗುಡುಗಿದ ದಿನ ಯೂರ್ಗನ್ ಇವರನ್ನು ಅಂಗಡಿಯ ಮುಂದೆಯೇ ಎತ್ತಿಕೊಂಡು ಕುಣಿದ. "ಬರುವ ಬೇಸಿಗೆಗೆ ನಮ್ಮಲ್ಲಿಗೆ ಬನ್ನಿ. ನಮ್ಮ ಮನೆಯ ಹಿಂದೆ ಇನ್ನೊಂದು ಗಾಡಿ ಸುಮ್ಮನೆ ನಿಂತಿದೆ. ಅದನ್ನು ತೆಗೆದುಕೊಂಡು ಎಲ್ಲಿ ಬೇಕಾದರೂ ಹೋಗಿ" ಎಂದ. ಉಪಚಾರದ ಮಾತೆಂದುಕೊಂಡೆವು. ತಿಂಗಳ ನಂತರ ಆ ಗಾಡಿಯ ಫೋಟೊ ಇಟ್ಟು ಕಾಗದ ಬರೆದ. ಇವರು ವಿಮಾನದ ಟಿಕೆಟ್ಟಿಗೆಂದು ಒಂದು ಹಂಗಾಮಿನ ದುಡಿಮೆ ತೆಗೆದಿಟ್ಟರು, ನಾನು ಜೂನ್ ತಿಂಗಳ ರಜೆಗೆ ಅರ್ಜಿ ಕೊಟ್ಟೆ. ಮೇ ತಿಂಗಳಲ್ಲಿ ಬಂದರೆ ಅಲ್ಲಿಯ ಘಟ್ಟದ ದಾರಿಗಳು ಇನ್ನೂ ಹಿಮ ಬಿದ್ದು ಮುಚ್ಚಿರುತ್ತವೆ ಎಂದು ಉರ್ಸುಲಾ ಕೆಂಪು ಅಕ್ಷರದಲ್ಲಿ ಬರೆದಿದ್ದಳು.

ಕಾಗದಗಳ ತುಂಬ ಬುದ್ಧಿಮಾತು. ದಿನಕ್ಕೆ ಇನ್ನೂರು ಕಿಲೋಮೀಟರಿನ ಮೇಲೆ ಹೋಗಬೇಡಿ. ಬೆಳಿಗ್ಗೆ ಬೂಟು, ಕೈಗವಸು ಝಾಡಿಸದೆ ಹಾಕಿಕೊಳ್ಳಬೇಡಿ. ಡೇರೆ ಹಾಕುವ ಮೊದಲು ಹೊಲದವರನ್ನು ಕೇಳಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: "ವಿಮಾನ ಹತ್ತುವ ಮೊದಲು ಎಲ್ಲ ಸಾಮಾನು ಕಟ್ಟಿಕೊಂಡು ನಿಮ್ಮ ಊರುಗಳಲ್ಲೇ ನಾಲ್ಕು ದಿನ ಸುತ್ತಿ. ನೆಂಟರ ಮನೆಗೆ ಹೋಗಬೇಡಿ. ಏನು ಕಡಿಮೆ, ಏನು ಹೆಚ್ಚು, ನಿಮ್ಮಿಬ್ಬರಲ್ಲಿ ಯಾರಿಗೆ ಯಾವಾಗ ಸಿಟ್ಟು ಬರುತ್ತದೆ, ಎಲ್ಲ ಅಲ್ಲೇ ಗೊತ್ತಾಗಲಿ." ಕೆಳಗೆ ಉರ್ಸುಲಾ ನನಗೆಂದೇ ಒಂದು ಸಾಲು ಸೇರಿಸಿದ್ದಳು: "ಗಾಡಿಯನ್ನು ಮನೆಗೆ ತರುವುದು ಇಬ್ಬರಿಗೂ ಬರಬೇಕು."

ಬುಲೆಟ್ ಹೊಡೆಯುವುದನ್ನು ನನಗೆ ಕಲಿಸಿದವಳೂ ಅವಳೇ. ಆ ಎಂಟು ದಿನ ಮುಂಜಾನೆ ಕಾಲುವೆಯ ಏರಿಯ ಮೇಲೆ ಪಾಠ ನಡೆಯಿತು. ಆಮೇಲೆ ಭಾನುವಾರಗಳಲ್ಲಿ ನಾನೊಬ್ಬಳೇ ಮೂರು ನಾಲ್ಕು ಮೈಲಿ ಹೋಗಿ ಬರುತ್ತಿದ್ದೆ. ಇವರು ಬೇಡ ಎನ್ನಲಿಲ್ಲ, ಆದರೆ ಒಮ್ಮೆಯೂ ನನ್ನ ಹಿಂದೆ ಕೂತಿರಲಿಲ್ಲ. "ಹೊಡಿ, ಮನಸಿಗೆ ಛಲೋ ಅನಸ್ತೈತಿ" ಎನ್ನುತ್ತಿದ್ದರು, ರಂಗೋಲಿ ಹಾಕುವವರಿಗೆ ಹೇಳುವ ಹಾಗೆ.

ಕನಕಗಿರಿ ಮುಟ್ಟುವ ಹೊತ್ತಿಗೆ ಭತ್ತದ ಗದ್ದೆಗಳು ಹಿಂದೆ ಉಳಿದು ಎರಡೂ ಬದಿ ಬರೀ ಒಣ ನೆಲ, ಬಂಡೆ, ಜಾಲಿ. ಅಲ್ಲಿಂದ ಹುಲಿಹೈದರದ ದಾರಿ ಹಿಡಿದೆವು. ಹತ್ತೂವರೆಗೆಲ್ಲ ಗಾಳಿ ಒಲೆಯ ಬಾಯಿಂದ ಬಂದಂತೆ ಬೀಸತೊಡಗಿತು. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ನಾಲ್ಕು ಗಂಟೆಯವರೆಗೆ ಕೂತೆವು. ಉರ್ಸುಲಾ ಬಿಟ್ಟುಹೋದ ದಪ್ಪ ಪ್ಯಾಂಟು, ಮೇಲೆ ಮೊಣಕಾಲ ತನಕ ಬರುವ ಅಂಗಿ ನನ್ನ ಉಡುಪು. ಮೇಕೆ ಕಾಯುವ ಹೆಂಗಸರು ಮೊದಲು ದೂರದಿಂದ ನೋಡಿದರು, ಆಮೇಲೆ ಹತ್ತಿರ ಬಂದು ಬಟ್ಟೆ ಮುಟ್ಟಿ ನೋಡಿದರು. "ಮುಳ್ಳಿಗೆ ಛಲೋ ಐತಿ ಬಿಡವ್ವ" ಎಂದು ಒಬ್ಬಾಕೆ ತೀರ್ಪು ಕೊಟ್ಟಳು.

ಸಂಜೆ ಹುಲಿಹೈದರದ ಹೊರಗೆ ಒಂದು ಹೊಲದಲ್ಲಿ ಕೆಲಸ ಮಾಡುತ್ತಿದ್ದ ಗಂಡ ಹೆಂಡತಿ ಕಂಡರು. ಹನುಮಂತಪ್ಪ ಮತ್ತು ದುರುಗಮ್ಮ. ಕಾಗದದಲ್ಲಿ ಹೇಳಿದಂತೆ ಇವರು ಹೋಗಿ ಕೇಳಿದರು.

"ಅಣ್ಣಾರ, ನಿಮ್ಮ ಹೊಲದಾಗ ಇವತ್ತೊಂದಿನ ಡೇರೆ ಹಾಕ್ಕೋತೀವಿ. ನಡೀತೈತೇನ್ರಿ?"

ಹನುಮಂತಪ್ಪ ಸಲಿಕೆ ಊರಿ ನಿಂತ. "ಯಾಕ್ರಿ, ಊರಾಗ ನಿಮ್ಮವರು ಯಾರೂ ಇಲ್ಲೇನು?"

"ಅದಾರ. ಆದ್ರ ಯಾರ ಮನಿಗೂ ಹೋಗೂದಿಲ್ಲಂತ ಮಾತಾಡ್ಕೊಂಡೀವಿ. ಯುರೋಪಿನ್ಯಾಗ ಹೊಲದಾಗ ಇರಬೇಕಾಗ್ತೈತಿ, ಅದಕ್ಕ ರೂಢಿ ಮಾಡ್ಕೋತೀವಿ."

ಅವನು ನಗಲಿಲ್ಲ. ಸ್ವಲ್ಪ ಯೋಚಿಸಿ, "ನೀವು ಹೋಗೂದು ಅವರ ಬ್ಯಾಸಗ್ಯಾಗ. ಆವಾಗ ಅಲ್ಲಿ ಹೊಲ ಖಾಲಿ ಇರ್ತಾವೋ, ಬೆಳಿ ನಿಂತಿರ್ತೈತೋ?" ಎಂದು ಕೇಳಿದ.

ಇವರು ನನ್ನ ಮುಖ ನೋಡಿದರು. ಭೂಗೋಳ ಕಲಿಸುವವಳು ನಾನು. "ಬೆಳಿ ಇರ್ತೈತ್ರಿ. ಚಳಿಗಾಲದಾಗ ಹಿಮ ಬೀಳ್ತೈತಿ. ಗೋಧಿ ಬರೂದು ಬ್ಯಾಸಗ್ಯಾಗ" ಎಂದೆ.

"ಹಂಗಾರ ಹೊಲದಾಗ ಡೇರೆ ಹಾಕ್ತೀವಿ ಅಂತ ಕೇಳಿದ್ರ ಬೈಸ್ಕೋತೀರಿ. ಕಣದ ಜಾಗ ಕೇಳ್ರಿ, ಇಲ್ಲಾಂದ್ರ ದನ ಕಟ್ಟೂ ಕಡಿ ಕೇಳ್ರಿ. ಯಾವ ದೇಶದ ರೈತ ಆದ್ರೂ ಬೆಳಿ ತುಳಿಸ್ಕೊಳ್ಳಂಗಿಲ್ಲ."

ಇಷ್ಟು ದಿನ ನಕಾಶೆ ಹರಡಿಕೊಂಡು ಕೂತ ನಮಗಾಗಲಿ, ಆ ದೇಶದಲ್ಲೇ ಹುಟ್ಟಿದ ಯೂರ್ಗನ್‌ಗಾಗಲಿ ಈ ಮಾತು ಹೊಳೆದಿರಲಿಲ್ಲ. ನಾನು ನೋಟುಬುಕ್ಕು ತೆಗೆದು ಬರೆದುಕೊಂಡೆ. ದುರುಗಮ್ಮ ಮಾತ್ರ ನಮ್ಮ ನೇಮಕ್ಕೆ ಅರ್ಧ ಬೆಲೆ ಕೊಟ್ಟಳು. "ಮಲಗೂದು ಎಲ್ಲಿ ಬೇಕಲ್ಲಿ ಮಲಗ್ರಿ. ಊಟ ನಮ್ಮನ್ಯಾಗ" ಎಂದು ಸ್ಟೋವನ್ನು ಬಿಚ್ಚಲೂ ಬಿಡಲಿಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ. ಡೇರೆಯೊಳಗೆ ಮಾತ್ರ ಒಂದು ಗಳಿಗೆಯೂ ಇರಲಾಗಲಿಲ್ಲ. ಹಗಲೆಲ್ಲ ಕಾದ ನೆಲದಿಂದ ಹಬೆ ಏಳುತ್ತಿತ್ತು. ಹೊರಗೆ ಕಂಬಳಿ ಹಾಸಿ ಮಲಗಿದೆವು.

ಎರಡನೆಯ ದಿನ ತಾವರಗೇರಾ ಮೇಲೆ ಹಾಯ್ದು ಕುಷ್ಟಗಿ ಸೇರಿದಾಗ ಒಂಬತ್ತು ಗಂಟೆ. ದಾರಿಯಲ್ಲಿ ಎರಡು ಸಲ ಗಂಟು ಜಾರಿ, ಎರಡು ಸಲ ಇಳಿದು ಕಟ್ಟಿದ್ದೆವು. ಎರಡನೆಯ ಸಲ ಇಬ್ಬರಿಗೂ ಸಿಟ್ಟು ಬಂದಿತ್ತು. ಚಹದಂಗಡಿಯ ಬೆಂಚಿನ ಮೇಲೆ ಕೂತಿದ್ದ ಬಿಳಿ ಗಡ್ಡದ ಹಿರಿಯರೊಬ್ಬರು ನನ್ನ ಪ್ಯಾಂಟನ್ನೂ ನೋಡದೆ, ಗಾಡಿಯನ್ನೂ ನೋಡದೆ ಹಗ್ಗವನ್ನೇ ನೋಡುತ್ತಿದ್ದರು.

"ಈ ಗಂಟು ಯಾರು ಕಟ್ಯಾರ?"

"ನಾನ್ರಿ" ಎಂದೆ.

"ಗಲತ್ ಐತಿ ಬೇಟಿ."

ಹೇಳಿದವರೇ ಎದ್ದು ಬಂದು ಎಲ್ಲ ಬಿಚ್ಚಿಸಿದರು. ಭಾರದ ಪೆಟ್ಟಿಗೆ ಕೆಳಗೆ, ಗಾಲಿಯ ನಡುವಿನ ಹತ್ತಿರ. ಹಗುರದ್ದು ಮೇಲೆ. ಹಗ್ಗ ಉದ್ದಕ್ಕಲ್ಲ, ಅಡ್ಡಡ್ಡ. ಹತ್ತು ನಿಮಿಷದಲ್ಲಿ ಅದೇ ಸಾಮಾನು ಅರ್ಧದಷ್ಟು ಕಾಣಿಸಿತು. ಅವರ ಹೆಸರು ಹುಸೇನಸಾಬ. ಎರಡನೆಯ ಮಹಾಯುದ್ಧದಲ್ಲಿ ಫೌಜಿನ ಲಾರಿ ಚಾಲಕರಾಗಿ ಇಟಲಿಯಲ್ಲಿ ಎರಡು ಚಳಿಗಾಲ ಕಳೆದವರು. ನಾವು ಅಲ್ಲಿಗೂ ಹೋಗುವವರೆಂದು ಕೇಳಿ ಇನ್ನೊಂದು ಚಹಾ ಹೇಳಿದರು, ಕಾಸು ಕೊಡಲು ನಮ್ಮನ್ನು ಬಿಡಲಿಲ್ಲ.

"ಅಲ್ಲಿ ಗುಡ್ಡ ಏರೂವಾಗ ಬಿಸಲು, ಇಳಿಯೂವಾಗ ಮಳಿ. ಸ್ವೆಟರ್ ನಾಕು ಯಾಕ? ಒಂದೊಂದು ಸಾಕು. ಅಂಗಿ ಒಳಗ ಎದಿಗೆ ಎರಡು ಪೇಪರ್ ಹಾಕ್ಕೋರಿ, ಗಾಳಿ ಒಳಗ ಬರಂಗಿಲ್ಲ. ನಾವೆಲ್ಲ ಹಂಗ ಮಾಡ್ತಿದ್ವಿ."

ಆ ಮಾತು ಎಷ್ಟು ಖರೆ ಎಂಬುದು ಎರಡು ತಿಂಗಳ ನಂತರ ಒಂದು ಘಟ್ಟದ ತುದಿಯಲ್ಲಿ, ತಿಳಿಯದ ಭಾಷೆಯ ಸುದ್ದಿಪತ್ರಿಕೆಯನ್ನು ಎದೆಗೆ ಒತ್ತಿಕೊಂಡಾಗ ನಮಗೆ ತಿಳಿಯಿತು.

"ಅವರ ಮಾತು ಬರ್ತಿತ್ತೇನ್ರಿ ನಿಮಗ?" ಎಂದು ಇವರು ಕೇಳಿದರು.

"ರೋಟಿ, ಪಾನಿ, ಸಲಾಂ. ಅವರ ಭಾಷ್ಯಾಗ ಈ ಮೂರು ಮಾತು ಕಲ್ತಿದ್ದೆ, ಮೂರರಾಗ ಎರಡು ವರ್ಷ ತೆಗೆದೆ." ಹುಸೇನಸಾಬರು ಚಹದ ಲೋಟ ಕೆಳಗಿಟ್ಟರು. "ಒಂದು ಹಳ್ಳ್ಯಾಗ ಲಾರಿ ಕೆಟ್ಟಿತ್ತು. ಮೂರು ದಿನ ಮಳಿ. ಒಬ್ಬಾಕಿ ಮುದುಕಿ ದಿನಾ ಬಿಸಿ ಸೂಪು ತಂದು ಕೊಡಾಕಿ. ಆಕಿ ಮಗ ಲಡಾಯಿಗೆ ಹೋದಾಂವ ಬಂದಿರಲಿಲ್ಲ. ನನ್ನ ತಲಿ ಮ್ಯಾಲ ಕೈ ಇಟ್ಟು ಅಳ್ತಿದ್ಲು. ಆಕಿ ಹೆಸರು ಕೇಳೂದ ಮರ್ತೆ. ನಲವತ್ತು ವರ್ಷ ಆತು, ದುವಾ ಮಾಡೂವಾಗ ಹೆಸರಿಲ್ದ ಮಾಡ್ತೀನಿ. ನೀವು ಊರ ಹೆಸರು ಮರ್ತ್ರೂ ನಡೀತೈತಿ, ಮಂದಿ ಹೆಸರು ಕೇಳಿ ಬರ್ಕೋರಿ."

ಆ ದಿನದಿಂದ ನನ್ನ ನೋಟುಬುಕ್ಕಿನಲ್ಲಿ ಮೈಲಿಗಿಂತ ಮೊದಲು ಹೆಸರು ಬರುತ್ತದೆ.

ಬಿಸಿಲಿಳಿದ ಮೇಲೆ ಕುಷ್ಟಗಿಯಿಂದ ಹೊರಟು, ಸುಮಾರು ಮೂವತ್ತು ಕಿಲೋಮೀಟರು ಕಳೆದು ಆರು ಗಂಟೆಗೆ ಯಲಬುರ್ಗಾ ಸೇರಿದೆವು. ಹೊಸ ಕಟ್ಟು ಒಂದು ಸಲವೂ ಜಾರಲಿಲ್ಲ. ನಾನು ಶಿಕ್ಷಕಿ ಎಂದು ಹೇಳಿದ್ದೇ ತಡ, ಅಲ್ಲಿಯ ಶಾಲೆಯ ಮುಖ್ಯ ಗುರುಗಳು ಶಿವಪ್ಪ ಮಾಸ್ತರರು ಆವರಣದಲ್ಲಿ ಡೇರೆ ಹಾಕಲು ಒಪ್ಪಿದರು. ಅವರ ಮನೆಯೂ ಪಕ್ಕದಲ್ಲೇ. ಇವರು ತೊಗಲಿನ ಕೈಗವಸುಗಳನ್ನು ಕಲ್ಲಿನ ಗೋಡೆಯ ಮೇಲೆ ಒಣಗಲು ಇಟ್ಟರು. ದಪ್ಪ ಕೈಗವಸು ಹಾಕಿಕೊಂಡು ಕ್ಲಚ್ ಹಿಡಿಯುವುದು ರೂಢಿಯಾಗಲಿ ಎಂದು ಆ ಬಿಸಿಲಿನಲ್ಲೂ ಎರಡು ದಿನ ಅವನ್ನು ಹಾಕಿಕೊಂಡೇ ಹೊಡೆದಿದ್ದರು. ಬೆವರಿನಿಂದ ಅವು ನೆನೆದ ಬಟ್ಟೆಯಂತಾಗಿದ್ದವು.

ಮೂರನೆಯ ದಿನ ಬೆಳಿಗ್ಗೆ ನಾನು ಚಹಾಕ್ಕೆ ಸ್ಟೋವು ಹಚ್ಚುತ್ತಿದ್ದೆ. ಇವರು ಕೈಗವಸು ಹಾಕಿಕೊಳ್ಳುತ್ತಿದ್ದರು. "ಝಾಡಿಸ್ರಿ" ಎಂದೆ. "ಅದು ಮರಳುಗಾಡು ದಾಟಿ ಬಂದವರ ಮಾತು" ಎಂದು ನಕ್ಕು ಎಡಗೈ ತೂರಿಸಿದರು. ಮರುಕ್ಷಣ ಅವರ ಬಾಯಿಂದ ಬಂದ ಕೂಗನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೈಗವಸು ಕಿತ್ತು ಎಸೆದರು. ಅದರೊಳಗಿಂದ ಬೆರಳುದ್ದವೂ ಇಲ್ಲದ ಕೆಂಪು ಚೇಳು ಹೊರಬಂತು.

ಶಿವಪ್ಪ ಮಾಸ್ತರರು ಓಡಿಬಂದು ಚೇಳು ನೋಡಿದವರೇ ಮುಖ ಸಣ್ಣಗೆ ಮಾಡಿದರು. "ಕೆಂಪಂದು ಭಾಳ ಕೆಟ್ಟರೀ ಬಾಯಾರ. ದವಾಖಾನಿ ಊರಿನ ಆ ಕಡಿ ಐತಿ. ತಡ ಮಾಡಬ್ಯಾಡ್ರಿ. ಬಂಡಿ ಹೂಡಿಸ್ಲೇನು?"

ಇವರ ಹಣೆಯಿಂದ ಬೆವರು ಹನಿಹನಿಯಾಗಿ ಬೀಳುತ್ತಿತ್ತು. ಬಂಡಿ ಹೂಡುವವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ಬುಲೆಟ್ಟಿನ ಹತ್ತಿರ ಓಡಿದೆ. ಮೊದಲನೆಯ ಕಿಕ್ಕಿಗೆ ಹಿಡಿಯಲಿಲ್ಲ. ಎರಡನೆಯದು ತಿರುಗಿ ಒದ್ದು ಮೊಣಕಾಲ ಕೆಳಗೆ ಚರ್ಮ ಸುಲಿಯಿತು. ಆಗ ಉರ್ಸುಲಾ ಕಾಲುವೆ ಏರಿಯ ಮೇಲೆ ಹೇಳುತ್ತಿದ್ದುದು ನೆನಪಾಯಿತು: "ಶಕ್ತಿ ಬೇಡ, ಮುಳ್ಳು ನೋಡು." ಪೆಟ್ರೋಲ್ ಟಾಕಿಯ ಮುಂದಿನ ಗಡಿಯಾರದಂಥ ಮೀಟರಿನ ಮುಳ್ಳು ನಡುವೆ ಬರುವವರೆಗೆ ಮೆಲ್ಲಗೆ ಕಿಕ್ ಒತ್ತಿ, ಸಣ್ಣ ಪಿಡಿ ಹಿಡಿದು ಒತ್ತಡ ಬಿಟ್ಟು, ಒಮ್ಮೆ ಪೂರ್ತಿ ಮೈಭಾರ ಹಾಕಿದೆ. ಗಾಡಿ ಹಿಡಿಯಿತು.

"ಹತ್ರಿ" ಎಂದೆ. ಇವರು ಬಲಗೈಯಿಂದ ನನ್ನ ಸೊಂಟ ಹಿಡಿದು ಕೂತರು. ಮಾಸ್ತರರು ಓಣಿ ತೋರಿಸುತ್ತ ಮುಂದೆ ಓಡಿದರು. ನೀರಿನ ಕೊಡ ಹೊತ್ತ ಹೆಂಗಸರು ಗೋಡೆಗೆ ಸರಿದು ದಾರಿ ಬಿಟ್ಟರು. ಎರಡನೆಯ ಗೇರು ದಾಟಲೇ ಇಲ್ಲ. ಎರಡು ನಿಮಿಷದ ದಾರಿ. ನನ್ನ ಬೆನ್ನಿಗೆ ಇವರ ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು.

ಯುವಕ ಡಾಕ್ಟರು ಕ್ವಾರ್ಟರ್ಸಿನಿಂದ ಬನಿಯನ್ನಿನಲ್ಲೇ ಬಂದರು. ಕಚ್ಚಿದ ಜಾಗದ ಸುತ್ತ ಇಂಜೆಕ್ಷನ್ ಕೊಟ್ಟರು, ನಾಡಿ ಹಿಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. "ಜಲ್ದಿ ತಂದೀರಿ, ಛಲೋ ಆತು. ನೋವಿಗೆ ನಾ ಅಂಜೂದಿಲ್ಲ. ಎದಿ ಬಡಿತ ನೋಡ್ಬೇಕು. ಸಂಜಿ ತನಕ ಇಲ್ಲೇ ಇರ್ರಿ" ಎಂದರು.

ಹತ್ತು ಗಂಟೆಗೆ ಹೊರಗೆ ಹೆಂಚು ಕಾದಂತಹ ಬಿಸಿಲು. ಒಳಗೆ ಇವರ ಕೈಕಾಲು ತಣ್ಣಗಾಗಿ ನಡುಗತೊಡಗಿದವು. ಮಾಸ್ತರರು ಶಾಲೆಯಿಂದ ಕಂಬಳಿ, ಸ್ವೆಟರು ತಂದರು. ಎರಡು ಸ್ವೆಟರು ಹೊದಿಸಿ, ಅದರ ಮೇಲೆ ಕಂಬಳಿ ಹಾಕಿ, ಪಾದ ತಿಕ್ಕುತ್ತ ಕೂತೆ. ಡಾಕ್ಟರು ಅರ್ಧ ಗಂಟೆಗೊಮ್ಮೆ ಬಂದು ನಾಡಿ ನೋಡಿ ಹೋಗುವರು. ಆ ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ಉರ್ಸುಲಾಗೆ ಕಾಗದ ಬರೆದೆ. ನಾವು ಬರುವುದಿಲ್ಲ. ನಮ್ಮ ಊರಿಂದ ಎಂಬತ್ತು ತೊಂಬತ್ತು ಕಿಲೋಮೀಟರು ಆಚೆ, ಭಾಷೆ ತಿಳಿಯುವ, ಮಾಸ್ತರರು ಓಡಿಬರುವ ಜಾಗದಲ್ಲೇ ಹೀಗಾದರೆ, ಯಾರ ಗುರುತೂ ಇಲ್ಲದ ಘಟ್ಟದ ಮೇಲೆ ನಾನು ಏನು ಮಾಡಲಿ? ಕಾಗದದ ಒಂದೊಂದು ಸಾಲೂ ತಯಾರಾಗಿತ್ತು.

ನಾಲ್ಕು ಗಂಟೆಗೆ ಡಾಕ್ಟರು ಸ್ಟೆತಸ್ಕೋಪು ಕೊರಳಿಗೆ ಹಾಕಿಕೊಂಡು ಮೊದಲ ಸಲ ನಕ್ಕರು. "ಗಂಡಾಂತರ ದಾಟಿತ್ರಿ." ಇವರು ಕಣ್ಣು ತೆರೆದು ಮೊದಲು ಕೇಳಿದ್ದು ಇದು:

"ಎಷ್ಟು ಕಿಕ್ಕಿಗೆ ಹಿಡೀತು?"

"ಮೂರು."

"ಮುಳ್ಳು ನೋಡಿದ್ದಿಲ್ಲೇನು?"

"ಮೊದಲಿನ ಎರಡಕ್ಕ ನೋಡ್ಲಿಲ್ಲ."

"ನೋಡಬೇಕು" ಎಂದು ಮತ್ತೆ ಕಣ್ಣು ಮುಚ್ಚಿದರು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಮನಸ್ಸಿನಲ್ಲಿ ಬರೆದ ಕಾಗದವನ್ನು ಅಲ್ಲೇ ಹರಿದು ಹಾಕಿದೆ. ಘಟ್ಟದ ಮೇಲೆ ಏನು ಮಾಡಲಿ ಎಂದು ಕೇಳಿಕೊಂಡಿದ್ದೆನಲ್ಲ, ಬೆಳಿಗ್ಗೆ ಮಾಡಿದ್ದನ್ನೇ ಮಾಡುವುದು.

ನಾಲ್ಕನೆಯ ದಿನ ಬೆಳಿಗ್ಗೆ ವಾದ ನಡೆಯಿತು. ಎಡಗೈಯನ್ನು ಎರಡು ದಿನ ಅಲುಗಿಸಬಾರದೆಂದು ಡಾಕ್ಟರು ಬಟ್ಟೆ ಕಟ್ಟಿ ಕೊರಳಿಗೆ ತೂಗುಹಾಕಿದ್ದರು. ಇವರ ಮಾತು ಗಾಡಿಯನ್ನು ಶಾಲೆಯಲ್ಲೇ ಬಿಟ್ಟು ಸರ್ಕಾರಿ ಬಸ್ಸಿಗೆ ಹೋಗೋಣ ಎಂದು. ಅಂಗಡಿಯಿಂದ ಯಾರಾದರೂ ಬಂದು ಗಾಡಿ ಒಯ್ಯಲಿ.

"ನಾ ಹೊಡೀತೀನ್ರಿ" ಎಂದೆ.

"ಕೊಪ್ಪಳ ನಲವತ್ತು ಕಿಲೋಮೀಟರ್ ಐತಿ. ಕಾಲುವಿ ಮ್ಯಾಲ ಹೊಡದಂಗಲ್ಲ. ಡಾಂಬರ್ ರೋಡಿಗೆ ಲಾರಿ ಬರ್ತಾವ."

"ಯುರೋಪಿನ್ಯಾಗ ಬರೂದಿಲ್ಲೇನ್ರಿ?"

ಶಿವಪ್ಪ ಮಾಸ್ತರರು ಮೆಲ್ಲಗೆ, "ನಿನ್ನಿ ಓಣ್ಯಾಗ ನಾ ನೋಡೀನ್ರಿ. ಎಮ್ಮಿ ಅಡ್ಡ ಬಂದ್ರೂ ಅಂಜಲಿಲ್ಲ" ಎಂದರು. ಎಮ್ಮೆ ಬಂದದ್ದೇ ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಲು ಹೋಗಲಿಲ್ಲ. ಕೊನೆಗೆ ಇವರು ಒಪ್ಪಿದರು. ನಾನು ಒಂದೇ ಶರತ್ತು ಹಾಕಿದೆ, ಹಿಂದೆ ಕೂತು ಮಾತಾಡಬಾರದು.

ಮುಳ್ಳು ನೋಡಿ ಒದ್ದೆ. ಒಂದೇ ಕಿಕ್ಕಿಗೆ ಹಿಡಿಯಿತು.

ಕುಕನೂರಿನ ಹತ್ತಿರ ಒಂದು ಹಳ್ಳದಲ್ಲಿ ಮರಳಿತ್ತು. ವೇಗ ಇಳಿಸಿದೆ, ಅದೇ ತಪ್ಪಾಯಿತು. ಮುಂದಿನ ಗಾಲಿ ಹೂತು, ಗಾಡಿ ಮುದಿ ಎತ್ತಿನಂತೆ ಮೆಲ್ಲಗೆ ಒಂದು ಮಗ್ಗುಲಿಗೆ ಮಲಗಿತು. ಇಬ್ಬರಿಗೂ ಪೆಟ್ಟಾಗಲಿಲ್ಲ, ಆದರೆ ಎತ್ತಲು ಇದ್ದದ್ದು ನನ್ನ ಎರಡು ಕೈ, ಇವರದೊಂದು. ಅಲುಗಲಿಲ್ಲ. ಕುರಿಹಿಂಡು ಹೊಡೆದುಕೊಂಡು ಬಂದ ಬೀರಪ್ಪ ಎಂಬವರು ಸಾಮಾನು ಬಿಚ್ಚಿಸಿ, ಗಾಡಿ ಎತ್ತಿ ನಿಲ್ಲಿಸಿ, ಮರಳಿನ ಮೇಲೆ ಹರಡಿದ ನಮ್ಮ ಸಂಸಾರವನ್ನು ನೋಡಿದರು. "ನಾ ಆರು ತಿಂಗಳು ಕುರಿ ಕಾಯ್ಕೊಂತ ಹೋಗ್ತೀನವ್ವ. ಒಂದು ಕಂಬಳಿ, ಒಂದು ಬುತ್ತಿ, ಒಂದು ಬಡಿಗಿ. ನೀವು ಎಷ್ಟು ದಿನಕ್ಕ ಹೊಂಟೀರಿ?"

"ನಾಕು ದಿನಕ್ಕ" ಎಂದೆ. ನಾಚಿಕೆಯಾಯಿತು. ಅಲ್ಲೇ ಹಳ್ಳದ ದಂಡೆಯಲ್ಲಿ ಕೂತು ಎರಡು ಗುಂಪು ಮಾಡಿದೆವು. ಡೇರೆ, ಒಂದೊಂದು ಸ್ವೆಟರು, ಪಾನಾ ಸ್ಕ್ರೂಡ್ರೈವರಿನ ಸಣ್ಣ ಚೀಲ, ನೋಟುಬುಕ್ಕು ಒಂದು ಕಡೆ. ಸ್ಟೋವು, ದೊಡ್ಡ ಪೆಟ್ಟಿಗೆ, ಉಳಿದದ್ದೆಲ್ಲ ಇನ್ನೊಂದು ಕಡೆ. ಆ ಇನ್ನೊಂದು ಗುಂಪನ್ನು ಕುಕನೂರಿನಲ್ಲಿ ಗುರುತಿನ ಕಂಡಕ್ಟರ ಕೈಗೆ ಕೊಟ್ಟು ಬಸ್ಸಿನ ಮೇಲೆ 'ಗಂಗಾವತಿ, ಮಿಸ್ತ್ರಿ ಅಂಗಡಿ' ಎಂದು ಕಳಿಸಿಬಿಟ್ಟೆವು. ಗಾಡಿ ಹಗುರಾಯಿತು, ನನ್ನ ತೋಳೂ ಹಗುರಾದವು.

ಭಾನಾಪುರದ ಹತ್ತಿರ ದೊಡ್ಡ ಡಾಂಬರು ರಸ್ತೆ ಸೇರಿದಾಗ ಲಾರಿಗಳು ಶುರುವಾದವು. ಮೊದಲ ಲಾರಿ ಎದುರು ಬಂದಾಗ ಅದರ ಗಾಳಿಗೇ ಗಾಡಿ ರಸ್ತೆಯ ಅಂಚಿಗೆ ಸರಿಯಿತು. ಎರಡನೆಯದಕ್ಕೆ ಅಷ್ಟಿಲ್ಲ. ಐದನೆಯದನ್ನು ನಾನೇ ಹಿಂದೆ ಹಾಕಿದೆ. ಇವರು ಶರತ್ತು ಮುರಿದದ್ದು ಒಮ್ಮೆ ಮಾತ್ರ, ಅದೂ ಒಂದೇ ಶಬ್ದಕ್ಕೆ: "ಹಾರ್ನ್."

ಕೊಪ್ಪಳದ ಕೋಟೆ ಗುಡ್ಡ ಕಂಡಾಗ ಹತ್ತು ಗಂಟೆ ಇರಬೇಕು. ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ ಉಂಡೆವು. ಒಂದು ಕೈಯಿಂದ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದ ಇವರನ್ನು ನೋಡಿ, ಬಡಿಸುತ್ತಿದ್ದ ಅಜ್ಜಿ ಕೇಳಿದಳು: "ಕೈ ಹಿಂಗಾಗೈತಿ, ಗಾಡಿ ಯಾರು ಹೊಡ್ಕೊಂಡು ಬಂದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಇವರು ನನ್ನ ಕಡೆ ಗೋಣು ಹಾಕಿ, "ಇಕೀನ. ಯಲಬುರ್ಗಾದಿಂದ" ಎಂದರು. ಅಜ್ಜಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು, ಇವರಿಗೆ ಹಾಕಲಿಲ್ಲ.

ಊಟದ ನಂತರ ಇವರು ನನ್ನ ನೋಟುಬುಕ್ಕು ತೆಗೆಸಿ ಯೂರ್ಗನ್‌ಗೆ ಬರೆಯಬೇಕಾದ ಕಾಗದವನ್ನು ಹೇಳಿ ಬರೆಸಿದರು. ಸಾಮಾನು ಅರ್ಧವಾಗಿದೆ. ಡೇರೆಗೆ ಕಣದ ಜಾಗ ಕೇಳುತ್ತೇವೆ. ಚೇಳಿನ ಸಂಗತಿ ನಾನು ಬರೆಯಹೋದರೆ, "ಝಾಡಿಸ್ಲಿಲ್ಲ ಅಂತ ಬರಿಬ್ಯಾಡ, ಚೇಳು ಕಡೀತು ಅಂತ ಅಷ್ಟ ಬರಿ" ಎಂದರು. ನಾನು ಪೂರ್ತಿ ಬರೆದೆ. ಕೊನೆಗೆ, "ಗಾಡಿಯನ್ನು ಒಂದು ದಿನ ನಾನು, ಒಂದು ದಿನ ನನ್ನ ಹೆಂಡತಿ ಹೊಡೆಯುತ್ತೇವೆ, ಕಾಗದಪತ್ರ ಇಬ್ಬರ ಹೆಸರಿಗೂ ಮಾಡಿಸಿಡಿ ಅಂತ ಬರಿ" ಎಂದರು. ಅದನ್ನು ಬರೆಯುವಾಗ ನನ್ನ ಅಕ್ಷರ ಯಾಕೋ ದುಂಡಗೆ ಬರಲಿಲ್ಲ.

ನಾಲ್ಕು ಗಂಟೆಗೆ ಕೊಪ್ಪಳ ಬಿಟ್ಟೆವು. ಇನ್ನು ನಲವತ್ತೈದು ಕಿಲೋಮೀಟರು. ಕಾಲುವೆ ನೀರಿನ ಸೀಮೆ ಬರುತ್ತಿದ್ದಂತೆ ಗಾಳಿ ಬದಲಾಯಿತು. ಎರಡನೆಯ ಬೆಳೆಯ ಭತ್ತ ಕೊಯ್ಲಿಗೆ ಬಂದಿತ್ತು. ಬಂಡಿಗಳು ಸಾಲುಗಟ್ಟಿ ಗಿರಣಿಯತ್ತ ಹೊರಟಿದ್ದವು. ಸೂರ್ಯ ಬೆನ್ನಿಗೆ ಇದ್ದ, ನಮ್ಮ ನೆರಳು ಗಾಡಿಗಿಂತ ಮುಂದೆ ಓಡುತ್ತಿತ್ತು.

ಊರು ಇನ್ನೊಂದು ಕಿಲೋಮೀಟರು ಇದೆ ಎನ್ನುವಾಗ ಇವರು ಭುಜ ಮುಟ್ಟಿ ನಿಲ್ಲಿಸಲು ಹೇಳಿದರು. ನಿಲ್ಲಿಸಿದೆ. ಇಳಿದರು. ಹೆಂಡತಿಯ ಹಿಂದೆ ಕೂತು ಪೇಟೆಯೊಳಗೆ ಬರಲು ಇವರಿಗೆ ನಾಚಿಕೆಯಾಯಿತು, ಇಷ್ಟು ದೂರ ಬಂದದ್ದೆಲ್ಲ ಗುರುತಿಲ್ಲದವರ ಮುಂದೆ ಮಾತ್ರ ಎಂದುಕೊಂಡೆ. ಹಿಡಿಕೆಯಿಂದ ಕೈ ತೆಗೆದು ನಾನೂ ಇಳಿಯಲು ಹೋದೆ.

"ನೀ ಯಾಕ ಇಳೀತಿ?"

"ಮತ್ತ? ತಳ್ಕೊಂಡು ಹೋಗೂಣಲ್ಲ."

"ಹುಚ್ಚಿ" ಎಂದರು. "ನಾ ಹಿಂದ ಕುಂತ್ರ ಮಂದಿ ಏನಂತಾರ? ಮಿಸ್ತ್ರಿ ಹಿಂದ ಕುಂತು ಹೇಳ್ಕೊಟ್ಟ, ಆಕಿ ಹಿಡ್ಕೊಂಡು ಕುಂತಿದ್ಲು ಅಂತಾರ. ನೀ ಒಬ್ಬಾಕಿ ಹೋಗು. ಬಜಾರದಾಗ ಹಾದು ಹೋಗು, ಸಂದ್ಯಾಗ ಹೋಗಬ್ಯಾಡ. ನಾ ನಡ್ಕೊಂತ ಬರ್ತೀನಿ."

ಮೊದಲನೆಯ ಗೇರು ಹಾಕಿದೆ. ಕಾಲುವೆಯ ಸೇತುವೆ ಏರುವಾಗ ಕನ್ನಡಿಯಲ್ಲಿ ನೋಡಿದೆ. ಭತ್ತದ ಬಂಡಿಗಳ ನಡುವೆ, ಒಂದು ಕೈ ಕೊರಳಿಗೆ ಕಟ್ಟಿಕೊಂಡು, ಇನ್ನೊಂದು ಕೈಯಿಂದ ಬಂಡಿಯವನಿಗೆ ನನ್ನನ್ನೇ ತೋರಿಸುತ್ತ ಇವರು ಏನೋ ಹೇಳುತ್ತಿದ್ದರು. ಬಂಡಿಯವನು ಎದ್ದು ನಿಂತು ನೋಡುತ್ತಿದ್ದ. ಸೇತುವೆ ಇಳಿದ ಮೇಲೆ ಕನ್ನಡಿಯಲ್ಲಿ ಬರೀ ರಸ್ತೆ ಉಳಿಯಿತು. ನಾನು ಗೇರು ಏರಿಸಿ ಬಜಾರದ ಕಡೆ ತಿರುಗಿಸಿದೆ.